ಮೀನು ಹೊತ್ತ ಪಿಕಪ್ ಕೊಳ್ಳುವ ಮುನ್ನ

ಪ್ರಶ್ನೆ: ನಾನು ಶಿರ್ವ ಸಮೀಪದ ಕೃಷಿಕ. ತೆಂಗಿನಕಾಯಿ, ಬೊಂಡ, ಅಡಿಕೆ ಸಾಗಿಸಲು 2014ರ ಬೊಲೆರೊ ಪಿಕಪ್ ಒಂದನ್ನು ನೋಡಿದ್ದೇನೆ. ಮಲ್ಪೆಯಲ್ಲಿ ಮೀನು ಸಾಗಿಸುತ್ತಿತ್ತಂತೆ. ಹೊಸದಾಗಿ ಬಣ್ಣ ಬಳಿದಿದ್ದಾರೆ, ಎಂಜಿನ್ ಶಬ್ದ ಚೆನ್ನಾಗಿದೆ. 3.25 ಲಕ್ಷ ರೂಪಾಯಿ ಹೇಳುತ್ತಿದ್ದಾರೆ. 10,000 ಮುಂಗಡ ಕೊಟ್ಟರೆ ಬೇರೆಯವರಿಗೆ ತೋರಿಸುವುದಿಲ್ಲ ಎನ್ನುತ್ತಾರೆ. ಏನೇನು ನೋಡಬೇಕು? ಬೆಲೆ ಸರಿಯೇ?

ಉತ್ತರ: ಮುಂಗಡ ಈಗಲೇ ಕೊಡಬೇಡಿ. ಮೀನು ಸಾಗಿಸಿದ ಗಾಡಿಗೆ ಹೊಸ ಬಣ್ಣ ಬಳಿದಿದ್ದಾರೆ ಎಂದರೆ ನಾನು ಮೊದಲು ನೆಲಕ್ಕೆ ಚಾಪೆ ಹಾಸಿ ಗಾಡಿಯ ಅಡಿಗೆ ಹೋಗುತ್ತೇನೆ. ಬಾನೆಟ್ ತೆರೆಯುವುದು ಆಮೇಲೆ. ಮಂಜುಗಡ್ಡೆ ಕರಗಿದ ನೀರು ಮೀನಿನ ಉಪ್ಪು ರಸದೊಂದಿಗೆ ಬೆರೆತು, ಬಾಡಿಯ ಸಂದಿಗಳಿಂದ ವರ್ಷಗಟ್ಟಲೆ ಚಾಸಿಯ (ಗಾಡಿಯ ಭಾರವೆಲ್ಲ ಹೊರುವ ಕಬ್ಬಿಣದ ಚೌಕಟ್ಟಿನ) ಮೇಲೆ ತೊಟ್ಟಿಕ್ಕಿರುತ್ತದೆ. ಅದರ ಮೇಲೆ ನಮ್ಮ ಕರಾವಳಿಯ ಮಳೆಗಾಲ ಬೇರೆ. ಕೆಟ್ಟ ಎಂಜಿನನ್ನು ಬಿಚ್ಚಿ ಸರಿಪಡಿಸಬಹುದು. ತುಕ್ಕು ತಿಂದ ಚಾಸಿಗೆ ತೇಪೆ ಹಾಕಿ ಅದರ ಮೇಲೆ ಒಂದು ಟನ್ ಕಾಯಿ ಹೇರುವ ಧೈರ್ಯ ನನಗಂತೂ ಇಲ್ಲ.

ಒಂದು ಸಣ್ಣ ಸುತ್ತಿಗೆ, ಒಂದು ಸ್ಕ್ರೂಡ್ರೈವರ್, ಟಾರ್ಚು ತೆಗೆದುಕೊಂಡು ಹೋಗಿ. ಚಾಸಿಯ ಉದ್ದಕ್ಕೂ ಮೆಲ್ಲನೆ ಬಡಿಯುತ್ತಾ ಬನ್ನಿ. ಗಟ್ಟಿ ಕಬ್ಬಿಣ ಠಣ್ ಎನ್ನುತ್ತದೆ, ಸವೆದದ್ದು ದಪ್ ಎನ್ನುತ್ತದೆ. ಹಿಂದಿನ ಸ್ಪ್ರಿಂಗ್ ಪ್ಲೇಟುಗಳ ಕೊಂಡಿ ಚಾಸಿಗೆ ಕೂರುವ ಜಾಗ, ಕ್ಯಾಬಿನ್ ಕೂರುವ ರಬ್ಬರ್‌ಗಳ ಸುತ್ತ, ಬಾಡಿಯ ಅಡ್ಡಪಟ್ಟಿಗಳು ಚಾಸಿಯನ್ನು ಮುಟ್ಟುವ ಕಡೆ: ನೀರು ನಿಲ್ಲುವುದು ಇಲ್ಲೇ. ಕೆಲವು ವರ್ಷಗಳ ಹಿಂದೆ ಪರಿಚಯದವರಿಗಾಗಿ ಇಂಥದೇ ಒಂದು ಗಾಡಿ ನೋಡಲು ಹೋಗಿದ್ದೆ. ಅಡಿಯೆಲ್ಲ ಮಿರಮಿರ ಮಿಂಚುವ ಕಪ್ಪು ಬಣ್ಣ. ಪ್ಲೇಟಿನ ಕೊಂಡಿಯ ಪಕ್ಕ ಸ್ಕ್ರೂಡ್ರೈವರ್ ಒತ್ತಿದೆ. ಹಪ್ಪಳದಂತೆ ಪದರ ಎದ್ದು, ತುದಿ ಒಳಗೆ ಹೋಯಿತು. ಮಾರುವವರು ಒಂದು ಮಾತೂ ಆಡಲಿಲ್ಲ. ನಾವು ಅಲ್ಲಿಂದಲೇ ಹಿಂದಿರುಗಿದೆವು. ಚಾಸಿಯಲ್ಲಿ ಹಾಗೆ ತೂತು ಬಿದ್ದರೆ ಅಥವಾ ಹೊಸ ವೆಲ್ಡಿಂಗ್ ಕಂಡರೆ ನೀವೂ ಹಾಗೇ ಮಾಡಿ, ಬೆಲೆ ಎಷ್ಟೇ ಇಳಿಸಲಿ.

ಚಾಸಿ ಗಟ್ಟಿಯಿದ್ದರೆ ಮುಂದಿನದು. ಬೆಳಿಗ್ಗೆ ಹೇಳದೆ ಹೋಗಿ, ಬಾನೆಟ್ ಮೇಲೆ ಕೈಯಿಟ್ಟು ನೋಡಿ. ಬಿಸಿಯಿದ್ದರೆ ನಿಮಗಾಗಿ ಮೊದಲೇ ಸ್ಟಾರ್ಟ್ ಮಾಡಿಟ್ಟಿದ್ದಾರೆ ಎಂದರ್ಥ. ಇನ್ನೊಂದು ದಿನ ಹೋಗಿ. ತಣ್ಣನೆಯ ಎಂಜಿನ್ ಸ್ಟಾರ್ಟ್ ಆಗಿ ಬಿಸಿಯಾದ ಮೇಲೂ ನೀಲಿ ಹೊಗೆ ಬಂದರೆ ಆಯಿಲ್ ಉರಿಯುತ್ತಿದೆ. ಗಾಡಿ ನಿಂತಿದ್ದು ಎಂಜಿನ್ ಓಡುತ್ತಿರುವಾಗ ಆಯಿಲ್ ಮುಚ್ಚಳ ಸಡಿಲಿಸಿ. ಹೊಗೆ ಭುಸುಭುಸು ಹೊರಬಂದು ಮುಚ್ಚಳ ಕುಣಿದರೆ ಪಿಸ್ಟನ್ ರಿಂಗ್ ಸವೆದಿದೆ. ಕಿಲೋಮೀಟರ್ ಮೀಟರನ್ನು ನಂಬುವುದಕ್ಕಿಂತ ಕ್ಲಚ್ ಪೆಡಲಿನ ರಬ್ಬರ್ ಎಷ್ಟು ಸವೆದಿದೆ ಎಂದು ನೋಡಿ. ಟಯರಿನ ಪಕ್ಕದಲ್ಲಿ ನಾಲ್ಕು ಅಂಕಿಗಳಿರುತ್ತವೆ: 2319 ಎಂದಿದ್ದರೆ 2019ರ 23ನೇ ವಾರದ್ದು.

ಆಮೇಲೆ ಒಂದಿಷ್ಟು ಭಾರ ಹೇರಿ, ಕಲ್ಸಂಕದಿಂದ ಮಣಿಪಾಲದ ಏರು ಹತ್ತಿಸಿ. ಎಂಜಿನ್ ಕೂಗಿದರೂ ವೇಗ ಏರದಿದ್ದರೆ ಕ್ಲಚ್ ಜಾರುತ್ತಿದೆ. ಇಳಿಯುವಾಗ ಎರಡನೇ ಗೇರಿನಲ್ಲಿ ಆಕ್ಸಿಲರೇಟರ್‌ನಿಂದ ಕಾಲು ತೆಗೆಯಿರಿ. ಗೇರ್ ತಾನಾಗಿ ನ್ಯೂಟ್ರಲ್‌ಗೆ ಹಾರಿದರೆ ಗೇರ್‌ಬಾಕ್ಸ್ ಬಿಚ್ಚುವ ಖರ್ಚಿದೆ.

ಇನ್ನು ಬೆಲೆ. ಉಡುಪಿ, ಕುಂದಾಪುರ, ಮಂಗಳೂರುಗಳಲ್ಲಿ ಅದೇ ವರ್ಷದ, ಮೀನು ಹೊರದ ಮೂರು ನಾಲ್ಕು ಗಾಡಿ ವಿಚಾರಿಸಿ. ಹೇಳುವ ಬೆಲೆ ಬೇರೆ, ಕೈಬದಲಾಗುವ ಬೆಲೆ ಬೇರೆ ಎಂಬುದು ನೆನಪಿರಲಿ. ಟಯರ್, ಕ್ಲಚ್, ಬ್ರೇಕ್, ಪ್ಲೇಟಿನ ಬುಶ್‌ಗಳ ಖರ್ಚನ್ನು ನಿಮ್ಮ ಮೆಕ್ಯಾನಿಕ್ ಕೈಯಲ್ಲಿ ಬರೆಸಿ ಕಳೆಯಿರಿ. ವಿಮೆ ಮುಗಿಯುತ್ತಿದ್ದರೆ ಅದನ್ನೂ ಕಳೆಯಿರಿ. 2022ರಲ್ಲಿ ನಿಗದಿಯಾದ ದರದಲ್ಲಿ ಈ ವರ್ಗದ ಬಾಡಿಗೆ ಸರಕು ವಾಹನದ ಥರ್ಡ್ ಪಾರ್ಟಿ ವಿಮೆಗೇ 16,049 ರೂಪಾಯಿ, ಜಿಎಸ್‌ಟಿ ಬೇರೆ. ಎಂಟು ವರ್ಷ ದಾಟಿದ ಗಾಡಿಗೆ ಪ್ರತಿವರ್ಷ ಎಫ್‌ಸಿ (ಗಾಡಿ ಓಡಿಸಲು ಯೋಗ್ಯವೆಂಬ ಪ್ರಮಾಣಪತ್ರ) ಬೇಕು. ಅವಧಿ ಮುಗಿದಿದ್ದರೆ "ಎಫ್‌ಸಿ ಮಾಡಿಸಿ ಕೊಡಿ, ಆಮೇಲೆ ಹಣ" ಎನ್ನಿ. ಮೀನಿನ ಗಾಡಿ ಎಂಬ ಕಾರಣಕ್ಕೇ, ಚಾಸಿ ಚೆನ್ನಾಗಿದ್ದರೂ, ಇನ್ನಷ್ಟು ಇಳಿಸಿ ಕೇಳಲು ಸಂಕೋಚ ಬೇಡ. ನಾಳೆ ನೀವು ಮಾರಲು ಹೋದಾಗ ಕೊಳ್ಳುವವರೂ ಅದನ್ನೇ ಕೇಳುತ್ತಾರೆ.

ಹಣ ಕೊಡುವ ಮೊದಲು ಚಾಸಿ ನಂಬರನ್ನು ಆರ್‌ಸಿಯೊಂದಿಗೆ ಅಕ್ಷರ ಅಕ್ಷರ ಹೋಲಿಸಿ. ಪರಿವಾಹನ್ ಜಾಲತಾಣದಲ್ಲಿ ಬಾಕಿ ದಂಡ, ತೆರಿಗೆ ನೋಡಿ. ಸಾಲವಿದ್ದರೆ ಬ್ಯಾಂಕಿನ ಎನ್‌ಒಸಿ (ಅಭ್ಯಂತರವಿಲ್ಲವೆಂಬ ಪತ್ರ) ಮತ್ತು ಸಾಲದ ಹಿಡಿತ ತೆಗೆಯುವ ಫಾರ್ಮ್ 35 ಕೈಗೆ ಬರಲಿ. ಮಾಲೀಕತ್ವ ವರ್ಗಾವಣೆಯ ಫಾರ್ಮ್ 29, 30ಕ್ಕೆ ನಿಮ್ಮ ಎದುರೇ ಸಹಿ ಹಾಕಿಸಿ. ಆರ್‌ಸಿ ನಿಮ್ಮ ಹೆಸರಿಗೆ ಮಾಡಿಸಲು 30 ದಿನ, ವಿಮೆ ವರ್ಗಾವಣೆಗೆ ಅರ್ಜಿ ಕೊಡಲು 14 ದಿನ ಅವಕಾಶವಿದೆ. ವಿಮೆಯ ಅರ್ಜಿಯನ್ನು ಗಾಡಿ ಮನೆಗೆ ಬಂದ ದಿನವೇ ಕೊಟ್ಟುಬಿಡಿ.