ಕೋಡಿಂಗ್ ಲ್ಯಾಬ್‌ಗಿಂತ ಮೊದಲು ದಶಮಾಂಶ ಕಲಿಸಿ

ಪ್ರಶ್ನೆ: ನಾನು ತಿಪಟೂರು ತಾಲ್ಲೂಕಿನ ಸರ್ಕಾರಿ ಪ್ರೌಢಶಾಲೆಯೊಂದರ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸದಸ್ಯ. ಹಳೆಯ ವಿದ್ಯಾರ್ಥಿಗಳು ಶಾಲೆಗೆ ಎರಡು ಲಕ್ಷ ರೂಪಾಯಿ ಕೂಡಿಸಿಕೊಟ್ಟಿದ್ದಾರೆ. ಮಕ್ಕಳು ಇಂದಿನ ಉದ್ಯೋಗಗಳಿಗೆ ತಯಾರಾಗಲೆಂದು ಖಾಸಗಿ ಸಂಸ್ಥೆಯೊಂದರಿಂದ ಕೋಡಿಂಗ್ ಲ್ಯಾಬ್ ಹಾಕಿಸಬಹುದೇ?

ಉತ್ತರ: ಊರಿನ ಹೆಸರು ಮಾತ್ರ ಬದಲಾಗಿ ಇದೇ ಪ್ರಶ್ನೆ ನನಗೆ ಮತ್ತೆ ಮತ್ತೆ ಬರುತ್ತದೆ, ಆದರೆ ತಮ್ಮ ಶಾಲೆಯಲ್ಲಿ ಗಣಿತ ಶಿಕ್ಷಕರ ಹುದ್ದೆ ಭರ್ತಿಯಾಗಿದೆಯೇ ಎಂಬುದನ್ನು ಕೇಳುವವರು ಯಾರೂ ತಿಳಿಸುವುದಿಲ್ಲ. ಅದು ಖಾಲಿ ಇದ್ದರೆ ಮೊದಲು ಅತಿಥಿ ಶಿಕ್ಷಕರಿಗಾಗಿ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಗೆ ಹೋಗಿ.

ಐಟಿಐಯಲ್ಲಿ ಫಿಟ್ಟರ್ ಮತ್ತು ಟರ್ನರ್ ವಿಭಾಗದ ಮಕ್ಕಳಿಗೆ ಬಹಳ ವರ್ಷ ಕಲಿಸಿದವನಾಗಿ ಹೇಳುತ್ತಿದ್ದೇನೆ. ಎಸ್‌ಎಸ್‌ಎಲ್‌ಸಿಯಲ್ಲಿ ಪ್ರಥಮ ದರ್ಜೆ ಪಡೆದು ಬಂದವರನ್ನು 0.5 ಮತ್ತು 0.35ರಲ್ಲಿ ಯಾವುದು ದೊಡ್ಡದೆಂದು ಕೇಳಿದರೆ, ಐದಕ್ಕಿಂತ ಮೂವತ್ತೈದು ದೊಡ್ಡದಲ್ಲವೇ ಎಂದು 0.35ನ್ನು ತೋರಿಸುವವರು ಪ್ರತಿ ತಂಡದಲ್ಲೂ ಇದ್ದರು. ಅಂಥ ಹುಡುಗನ ಕೈಗೆ ಸೂಕ್ಷ್ಮ ಅಳತೆಯ ಉಪಕರಣವಾದ ಮೈಕ್ರೋಮೀಟರ್ ಕೊಟ್ಟಾಗ ಆಗುವುದನ್ನು ನೋಡಿ. ಅದರ ತಿರುಗುವ ಭಾಗದಲ್ಲಿ 50 ಗೆರೆಗಳಿದ್ದು, ಒಂದು ಸುತ್ತಿಗೆ ಅರ್ಧ ಮಿಲಿಮೀಟರ್, ಅಂದರೆ ಒಂದು ಗೆರೆಗೆ 0.01 ಮಿ.ಮೀ., ಸರಿಯುತ್ತದೆ. ಹೀಗಾಗಿ ತಿರುಗದ ಭಾಗದಲ್ಲಿ 12ರ ಗೆರೆ ದಾಟಿ ಅರ್ಧದ ಗೆರೆಯೂ ಕಾಣಿಸಿಕೊಂಡು, ತಿರುಗುವ ಭಾಗ 28ರಲ್ಲಿ ನಿಂತರೆ ಅಳತೆ 12.78 ಮಿ.ಮೀ. ಆಗುತ್ತದೆ. ಹುಡುಗ ಅರ್ಧದ ಗೆರೆಯನ್ನು ಬಿಟ್ಟು 12.28 ಎಂದು ಬರೆದುಕೊಳ್ಳುತ್ತಾನೆ. ನಕ್ಷೆಯಲ್ಲಿ ಇರುವುದೂ 12.28 ಆದ್ದರಿಂದ ಶಾಫ್ಟ್ (ಲೋಹದ ದಂಡ) ಕಡೆಯುತ್ತಿದ್ದ ಲೇತ್ ಯಂತ್ರ ನಿಲ್ಲಿಸಿ ಕೆಲಸ ಮುಗಿಯಿತೆನ್ನುತ್ತಾನೆ, ಆ ಶಾಫ್ಟ್ ಮಾತ್ರ ತಾನು ಕೂರಬೇಕಾದ ಬಳೆಯ, ಅಂದರೆ ಬುಷ್‌ನ, ಒಳಗೆ ಹೋಗುವುದೇ ಇಲ್ಲ. ಕಂಪ್ಯೂಟರ್ ನಡೆಸುವ ಸಿಎನ್‌ಸಿ ಯಂತ್ರದ ಮುಂದೆ ನಿಲ್ಲಿಸಿದರೂ ಇದೇ ತಪ್ಪು ಇನ್ನಷ್ಟು ವೇಗವಾಗಿ ಆಗುತ್ತದೆ, ಏಕೆಂದರೆ ಅಳತೆಯನ್ನು ಅದಕ್ಕೆ ಕೊಡುವವನು ಅವನೇ.

ಆದ್ದರಿಂದ ಆ ಹಣದಲ್ಲಿ ಮೊದಲು ಉಕ್ಕಿನ ಅಳತೆಪಟ್ಟಿ, ವರ್ನಿಯರ್, ಮಲ್ಟಿಮೀಟರ್ ಕೊಳ್ಳಿ. ನಾಲ್ಕು ಮಕ್ಕಳಿಗೆ ಒಂದರಂತೆ ಕೊಟ್ಟು ನಾಣ್ಯ, ನಲ್ಲಿಯ ಪೈಪು, ತೆಂಗಿನ ಚಿಪ್ಪುಗಳನ್ನು ಅಳೆಯಿಸಿ, ಮಾಡಿದ ಕ್ರಮವನ್ನು ಸ್ವಂತ ಕನ್ನಡದಲ್ಲಿ ಒಂದು ಪುಟ ಬರೆಯಿಸಿ. ಆಮೇಲೆ ಆ ಅಂಕಿಗಳನ್ನೇ ಕಂಪ್ಯೂಟರಿನ ಸ್ಪ್ರೆಡ್‌ಶೀಟಿಗೆ ತುಂಬಿಸಿದರೆ ಮಕ್ಕಳಿಗೆ ಯಂತ್ರದ ಉಪಯೋಗವೂ ತಿಳಿಯುತ್ತದೆ. ಶಾಲೆಯಲ್ಲಿ ತೃತೀಯ ಭಾಷೆಯ ಬದಲಿಗೆ ಎನ್‌ಎಸ್‌ಕ್ಯೂಎಫ್ (ರಾಷ್ಟ್ರೀಯ ಕೌಶಲ ಅರ್ಹತಾ ಚೌಕಟ್ಟು) ವೃತ್ತಿ ವಿಷಯವಿದ್ದರೆ ಅದನ್ನು ನೋಟ್ಸ್ ಬರೆಸಿ ಮುಗಿಸಲು ಬಿಡಬೇಡಿ. ಆಟೋಮೊಬೈಲ್ ಓದುವ ಮಗು ಗ್ಯಾರೇಜಿನಲ್ಲಿ ನಿಂತು ಕಲಿಯಬೇಕು.

ಲ್ಯಾಬ್ ಬೇಕೇ ಬೇಕೆಂದರೆ, ಪಾಠ ಮಾಡುವವರು ಯಾರು, ಒಪ್ಪಂದ ಮುಗಿದ ಮೇಲೆ ದುರಸ್ತಿ ಯಾರದು ಎಂಬುದನ್ನು ಬರವಣಿಗೆಯಲ್ಲಿ ಪಡೆಯದೆ ಸಹಿ ಹಾಕಬೇಡಿ. ಬೀಗ ಬಿದ್ದ ಲ್ಯಾಬ್‌ಗಳನ್ನು ಬಹಳ ನೋಡಿದ್ದೇನೆ.

ಪ್ರಶ್ನೆ: ಬೆರಳ ತುದಿಯ ಗೆರೆಗಳನ್ನು ನೋಡುವ ಪರೀಕ್ಷೆಯಿಂದ ಮಗುವಿಗೆ ಹೊಂದುವ ವೃತ್ತಿ ತಿಳಿಯುತ್ತದೆಯೇ?

ಉತ್ತರ: ಇಲ್ಲ. ಇದಕ್ಕೆ ವೈಜ್ಞಾನಿಕ ಆಧಾರವಿಲ್ಲ, ಇದನ್ನು ಮಾರುವವರನ್ನು ಶಾಲೆಯ ಆವರಣದೊಳಗೇ ಬಿಡಬಾರದು.

ಪ್ರಶ್ನೆ: ಐಟಿಐ ಸೇರಿದರೆ ಎಂಜಿನಿಯರಿಂಗ್‌ಗೆ ದಾರಿ ಮುಚ್ಚಿಹೋಗುತ್ತದೆಯೇ?

ಉತ್ತರ: ಎರಡು ವರ್ಷದ ಐಟಿಐ ಮುಗಿಸಿದವರಿಗೆ ಡಿಪ್ಲೊಮಾದ ಎರಡನೆಯ ವರ್ಷಕ್ಕೆ, ಡಿಪ್ಲೊಮಾ ಮುಗಿಸಿದವರಿಗೆ ಡಿಸಿಇಟಿ ಎಂಬ ಪ್ರವೇಶ ಪರೀಕ್ಷೆಯ ಮೂಲಕ ಬಿಇ ಎರಡನೆಯ ವರ್ಷಕ್ಕೆ ಪ್ರವೇಶವಿದೆ. ದಯವಿಟ್ಟು ಇದನ್ನು ಮತ್ತೆ ಕೇಳಬೇಡಿ, ಪಕ್ಕದ ಮನೆಯವರಿಗೂ ತಿಳಿಸಿ.