ಇಡಿಯಂ ಪುಸ್ತಕದಲ್ಲಿ ಇಲ್ಲದ ಇಂಗ್ಲಿಷ್

ನೀವು ಬರೆದದ್ದು ಓದಿದೆ. ಜನವರಿಯಲ್ಲಿ ಕೆಲಸಕ್ಕೆ ಇಂಗ್ಲೆಂಡಿನ ನ್ಯೂಕ್ಯಾಸಲ್‌ಗೆ ಬರುತ್ತಿದ್ದೀರಿ. ಹೈಸ್ಕೂಲು ಮುಗಿಯುವ ತನಕ ಹೊಸನಗರದಲ್ಲಿ ಕನ್ನಡ ಮಾಧ್ಯಮ. ಶಿವಮೊಗ್ಗದಲ್ಲಿ ಒಂದು ಇಡಿಯಂ ಪುಸ್ತಕ, ಅಂದರೆ ಇಂಗ್ಲಿಷ್ ನುಡಿಗಟ್ಟುಗಳ ಪುಸ್ತಕ ಕೊಂಡು ದಿನಾ ಬಾಯಿಪಾಠ ಮಾಡುತ್ತಿದ್ದೀರಿ. ಇಷ್ಟು ಸಾಕಾ, ಇಲ್ಲಾ ಮೀಟಿಂಗಿನಲ್ಲಿ ಪಿಳಿಪಿಳಿ ಕಣ್ಣು ಬಿಡಬೇಕಾಗುತ್ತದಾ ಅಂತ ಕೇಳಿದ್ದೀರಿ.

ನಾನು ತೀರ್ಥಹಳ್ಳಿ ಕಡೆಯವನು, ಈ ಊರಲ್ಲಿ ನೆಲೆ ನಿಂತು ಬಹಳ ವರ್ಷ ಆಯಿತು. ಬಾಯಿಪಾಠ ನಿಲ್ಲಿಸಿ. ಆ ಪುಸ್ತಕದ ಎಷ್ಟೋ ಮಾತುಗಳನ್ನು ಇಲ್ಲಿ ಯಾರೂ ಆಡುವುದೇ ಇಲ್ಲ. 'ರೇನಿಂಗ್ ಕ್ಯಾಟ್ಸ್ ಅಂಡ್ ಡಾಗ್ಸ್' ನಾವೆಲ್ಲ ಶಾಲೆಯಲ್ಲಿ ಕಲಿತದ್ದೇ ಅಲ್ವಾ? ಧೋ ಅಂತ ಮಳೆ ಸುರಿದರೆ ಇಲ್ಲಿನ ಜನ 'ಚಕಿಂಗ್ ಇಟ್ ಡೌನ್' ಅನ್ನುತ್ತಾರೆ. ಆಗುಂಬೆಯಲ್ಲಿ ವರ್ಷಕ್ಕೆ ಬೀಳುವ ಮಳೆಯ ಹತ್ತರಲ್ಲಿ ಒಂದು ಪಾಲು ಇಲ್ಲಿ ಬಿದ್ದರೆ ಹೆಚ್ಚು. ಅದನ್ನು ಮಾತ್ರ ಆಫೀಸಿನಲ್ಲಿ ಹೇಳಬೇಡಿ, ಮಳೆಯನ್ನು ಬೈಯುವುದು ಇವರ ಹಕ್ಕು.

ಬಣ್ಣಬಣ್ಣದ ಇಡಿಯಂಗಳಿಂದ ಅಪಾಯ ಕಡಿಮೆ. 'ಬೈಟ್ ದ ಬುಲೆಟ್' ಅಂದರೆ ಯಾರೂ ಗುಂಡು ಕಚ್ಚುವುದಿಲ್ಲ, ಇನ್ನೇನೋ ಅರ್ಥ ಇದೆ ಅಂತ ತಕ್ಷಣ ಹೊಳೆಯುತ್ತದೆ. ಕೇಳಿದರೆ ಹೇಳುತ್ತಾರೆ: ಹಲ್ಲು ಕಚ್ಚಿಕೊಂಡು ಮಾಡಿ ಮುಗಿಸು ಅಂತ. ಮೋಸ ಮಾಡುವುದು ಸಾದಾ ಮಾತುಗಳು. ನಿಮ್ಮ ರಿಪೋರ್ಟ್ ನೋಡಿ ಬಾಸ್ 'ಕ್ವೈಟ್ ಗುಡ್' ಅಂದರೆ ಬೀಗಬೇಡಿ. ಬ್ರಿಟಿಷರ ಬಾಯಲ್ಲಿ ಅದು ಹೆಚ್ಚಾಗಿ 'ಪರವಾಗಿಲ್ಲ' ಅಂತ. ಅದೇ ಮಾತು ಅಮೆರಿಕದವರು ಆಡಿದರೆ ಹೊಗಳಿಕೆ. 'ನಾಟ್ ಬ್ಯಾಡ್' ಅಂದರೆ ಖುಷಿಪಡಿ. 'ವಿತ್ ರೆಸ್ಪೆಕ್ಟ್' ಅಂತ ಶುರು ಮಾಡಿದರೆ ಹಿಂದೆಯೇ ತಕರಾರು ಬರುತ್ತಿದೆ. 'ಐ ವಿಲ್ ಬೇರ್ ಇಟ್ ಇನ್ ಮೈಂಡ್' ಅಂದರೆ ನಿಮ್ಮ ಸಲಹೆ ಅಲ್ಲಿಗೇ ಮುಗಿಯಿತು ಅಂದುಕೊಳ್ಳಿ. 'ಒಂದಿನ ಊಟಕ್ಕೆ ಬನ್ನಿ' ಅನ್ನುವುದೂ ಅಷ್ಟೇ, ತಾರೀಕು ಹೇಳುವ ತನಕ ಅದು ಕರೆಯಲ್ಲ.

ಈ ವಿದ್ಯೆ ನಮಗೇನು ಹೊಸದಾ? ನಮ್ಮ ಕಡೆಯವರು 'ನೋಡುವ' ಅಂತ ಎಳೆದು ಹೇಳಿದರೆ ಕೆಲಸ ಆಗುವುದಿಲ್ಲ ಅಂತ ಮಕ್ಕಳಿಗೂ ಗೊತ್ತು. ಆದರೆ ಒಂದು ಕಡೆ ಲೆಕ್ಕ ತಲೆಕೆಳಗಾಗುತ್ತದೆ. ಮನೆಗೆ ಬಂದವರನ್ನು ನಾವು 'ಆಸರಿಗೆ ಎಂತ ಬೇಕು', ಅಂದರೆ ಕುಡಿಯಲು ಏನು ಬೇಕು ಅಂತ ಕೇಳುತ್ತೇವೆ. ಅವರು 'ಎಂತದೂ ಬೇಡ ಮಾರಾಯ್ರೆ' ಅನ್ನುತ್ತಾರೆ. ಅಷ್ಟರಲ್ಲಿ ಒಳಗೆ ಹಾಲು ಒಲೆ ಏರಿರುತ್ತದೆ. ಇಲ್ಲಿ ಹಾಗಲ್ಲ. ಕೆಟಲ್ ಹತ್ತಿರ ನಿಂತವರು 'ಫ್ಯಾನ್ಸಿ ಎ ಬ್ರೂ?' ಅಂತ ಕೇಳುತ್ತಾರೆ, ಟೀ ಬೇಕಾ ಅಂತ. ಸಂಕೋಚಕ್ಕೆ ಬೇಡ ಅಂದಿರೋ, ಇನ್ನೊಮ್ಮೆ ಕೇಳುವುದಿಲ್ಲ. ಶಿರಸಿಯ ಹುಡುಗನೊಬ್ಬ ನಮ್ಮ ಆಫೀಸಿನಲ್ಲಿ ಮೊದಲ ವಾರ ಪೂರ್ತಿ ಹೀಗೇ ಟೀ ಇಲ್ಲದೆ ಕಳೆದ. ನೀವು ಎದ್ದಾಗ ಅಕ್ಕಪಕ್ಕದವರನ್ನು ನೀವೂ ಕೇಳಬೇಕು. ಸುಮ್ನೆ ತಮ್ಮ ಕಪ್ ಮಾತ್ರ ತುಂಬಿಸಿಕೊಂಡು ಬಂದವರ ಬಗ್ಗೆ ಗುಸುಗುಸು ಶುರುವಾಗುತ್ತದೆ.

ಪುಸ್ತಕದ ಗಾದೆ ಭಾಗ ಮಾತ್ರ ಒಮ್ಮೆ ಓದಿಕೊಳ್ಳಿ. ಇವರು ಗಾದೆಯನ್ನು ಪೂರ್ತಿ ಹೇಳುವುದು ಅಪರೂಪ. ಒಂದು ಕೆಲಸಕ್ಕೆ ಮೂರು ಜನ ಬಾಸ್ ಆದಾಗ ಯಾರೋ 'ಟೂ ಮೆನಿ ಕುಕ್ಸ್' ಅಂದು ಬಿಟ್ಟುಬಿಡುತ್ತಾರೆ. ಸಾರು ಕೆಟ್ಟಿತು ಅನ್ನುವ ಉಳಿದರ್ಧ ಗೊತ್ತಿಲ್ಲದವರು ಅಡುಗೆಯವರನ್ನು ಹುಡುಕಬೇಕಾಗುತ್ತದೆ.

ಕ್ರಿಕೆಟ್‌ನಿಂದ ಬಂದ ಮಾತುಗಳಲ್ಲಿ ನಮ್ಮವರೇ ಮುಂದೆ. 'ಸ್ಟಿಕಿ ವಿಕೆಟ್' ಅಂದರೆ ಇಕ್ಕಟ್ಟು. ಮಳೆಗೆ ನೆನೆದು ಬಿಸಿಲಿಗೆ ಒಣಗುತ್ತಿರುವ ಪಿಚ್‌ನಲ್ಲಿ ಚೆಂಡು ಹೇಗೆ ಏಳುತ್ತದೆ ಅಂತ ಮಲೆನಾಡಿನವರಿಗೆ ಹೇಳಿಕೊಡಬೇಕಾ? 'ನಾಟ್ ಕ್ರಿಕೆಟ್' ಅಂದರೆ ನ್ಯಾಯವಲ್ಲ. ಇದಕ್ಕೆ ತದ್ವಿರುದ್ಧ ನಡೆದುಕೊಂಡವರು ನಮ್ಮ ಭದ್ರಾವತಿಯ ಜಿ.ಆರ್. ವಿಶ್ವನಾಥ್. 1980ರಲ್ಲಿ ಮುಂಬೈ ಟೆಸ್ಟ್‌ನಲ್ಲಿ ಅಂಪೈರ್ ಔಟ್ ಕೊಟ್ಟಿದ್ದ ಇಂಗ್ಲೆಂಡಿನ ಬಾಬ್ ಟೇಲರ್ ಅವರನ್ನು, ಔಟಲ್ಲ ಅಂತ ಕ್ಯಾಪ್ಟನ್ ವಿಶ್ವನಾಥ್ ವಾಪಸ್ ಕರೆದರು. ಆ ಮ್ಯಾಚ್ ನಾವು ಸೋತೆವು. ವಯಸ್ಸಾದ ಸಹೋದ್ಯೋಗಿಗಳ ಹತ್ತಿರ ಇದನ್ನು ಹೇಳಿ ನೋಡಿ, ಮಾತು ತಾನಾಗಿ ಬೆಳೆಯುತ್ತದೆ.

ಅಮೆರಿಕದವರು ಕಾಲ್‌ನಲ್ಲಿ ಇದ್ದರೆ 'ಟೇಬಲ್' ಅನ್ನುವ ಮಾತಿಗೆ ಕಿವಿಗೊಡಿ. ವಿಷಯ ಟೇಬಲ್ ಮಾಡುವುದು ಅಂದರೆ ಬ್ರಿಟನ್ನಿನಲ್ಲಿ ಚರ್ಚೆಗೆ ತರುವುದು, ಅಮೆರಿಕದಲ್ಲಿ ಮುಂದಕ್ಕೆ ಹಾಕುವುದು.

ಇನ್ನು ನ್ಯೂಕ್ಯಾಸಲ್. ಟೈನ್ ನದಿಯಿಂದ ಶತಮಾನಗಟ್ಟಲೆ ಹಡಗುಗಳಲ್ಲಿ ಲಂಡನ್‌ಗೆ ಕಲ್ಲಿದ್ದಲು ಹೋದ ಊರು ಇದು. ಅದಕ್ಕೇ 'ಕೋಲ್ಸ್ ಟು ನ್ಯೂಕ್ಯಾಸಲ್' ಅನ್ನುವ ಮಾತು ಹುಟ್ಟಿದ್ದು, ಅಡಿಕೆ ಬೆಳೆಯುವ ನಮ್ಮ ಸಾಗರ ಊರಿಗೇ ಅಡಿಕೆ ಹೊತ್ತ ಹಾಗೆ. ಇಲ್ಲಿನವರ ಜಾರ್ಡಿ ಮಾತು ಬೇರೆಯದೇ ರಾಗ. 'ವೈ ಆಯ್' ಅಂದರೆ ಹೌದು ಮತ್ತೆ. 'ಕ್ಯಾನಿ' ಅಂದರೆ ಡಿಕ್ಷನರಿಯಲ್ಲಿ ಚಾಲಾಕಿ, ಇಲ್ಲಿ ಒಳ್ಳೆಯದು. ಅಂಗಡಿಯಾಕೆ 'ಪೆಟ್' ಅಂತ ಕರೆದರೆ ನಾಚಿಕೊಳ್ಳಬೇಡಿ, ಎಲ್ಲರನ್ನೂ ಹಾಗೇ ಕರೆಯುತ್ತಾರೆ. 'ಆಲ್‌ರೈಟ್?' ಅಂದರೆ ತಿರುಗಿ 'ಆಲ್‌ರೈಟ್' ಅನ್ನಿ ಸಾಕು, ಪ್ರಯಾಣದ ಕಥೆ ತೆಗೆಯಬೇಡಿ.

ಮೀಟಿಂಗ್ ಮುಗಿದ ಮೇಲೆ ಅನುಮಾನ ಉಳಿದರೆ ಎರಡು ಸಾಲಿನ ಮೇಲ್ ಹಾಕಿ: ಗುರುವಾರದೊಳಗೆ ಇದನ್ನು ನಾನು ಮಾಡಬೇಕು, ಸರಿ ತಾನೇ? ಮೊದಲ ತಿಂಗಳುಗಳಲ್ಲಿ ಇದಕ್ಕೆ ಯಾರೂ ಬೇಸರ ಮಾಡುವುದಿಲ್ಲ.