ಹಳೆಯ ಕ್ಯಾಂಪರ್ ವ್ಯಾನಿನ (ಒಳಗೇ ಮಲಗಿ, ಅಡುಗೆ ಮಾಡಿಕೊಳ್ಳಬಹುದಾದ ಪ್ರವಾಸದ ಗಾಡಿಯ) ತುಕ್ಕಿನ ಮೇಲೆ ಬಣ್ಣ ಬಳಿದರೆ ಸಾಕೇ?

ಸಾಲದು. ಚಕ್ರದ ಮೇಲಿನ ಕಮಾನಿನಲ್ಲಿ ಬಣ್ಣ ಗುಳ್ಳೆ ಎದ್ದಿದ್ದರೆ ತುಕ್ಕು ಬಹುತೇಕ ಒಳಗಿನಿಂದಲೇ ಹೊರಬಂದಿರುತ್ತದೆ. ಹಳೆಯ ಸ್ಕ್ರೂಡ್ರೈವರ್ ಹಿಡಿದು ಗುಳ್ಳೆಯ ಸುತ್ತ ಮೆಲ್ಲಗೆ ಕುಟ್ಟಿ ನೋಡಿ. ಠಣ್ ಎಂದರೆ ತಗಡು ಗಟ್ಟಿ; ಮಂದ ಸದ್ದು ಬಂದು ತುದಿ ಒಳಹೊಕ್ಕರೆ ಅಲ್ಲಿ ಉಳಿದಿರುವುದು ಬಣ್ಣ ಮತ್ತು ಕೆಂಪು ಪುಡಿ ಮಾತ್ರ.

ತುಕ್ಕು ಮೇಲ್ಮೈಯಲ್ಲಷ್ಟೇ ಇದ್ದರೆ ಹೊಳೆಯುವ ಲೋಹ ಕಾಣುವವರೆಗೆ ಉಜ್ಜಿ. ಕುಳಿಗಳಲ್ಲಿ ಉಳಿದ ಕಪ್ಪು ಚುಕ್ಕೆಗಳಿಗೆ ಫಾಸ್ಫಾರಿಕ್ ಆಮ್ಲವಿರುವ ತುಕ್ಕುನಿವಾರಕವನ್ನು ಡಬ್ಬಿಯ ಸೂಚನೆಯಂತೆ ಹಚ್ಚಿ, ಪೂರ್ತಿ ಒಣಗಿದ ಮೇಲೆ ತಡಮಾಡದೆ ಪ್ರೈಮರ್, ನಂತರ ಬಣ್ಣ.

ತೂತಾಗಿದ್ದರೆ ಗಟ್ಟಿ ತಗಡು ಸಿಗುವವರೆಗೆ ಕತ್ತರಿಸಿ ಹೊಸ ತುಂಡನ್ನು ವೆಲ್ಡ್ ಮಾಡಿಸಬೇಕು. ತೂತಿಗೆ ಪುಟ್ಟಿ ಮೆತ್ತುವುದು ಗಾಡಿ ಮಾರುವವರ ಉಪಾಯ. ಪುಟ್ಟಿ ತೇವ ಹೀರಿಕೊಂಡು ತನ್ನ ಹಿಂಬದಿಯಲ್ಲೇ ತುಕ್ಕು ಬೆಳೆಸುತ್ತದೆ. ವೆಲ್ಡಿಂಗ್‌ಗೆ ಮೊದಲು ಒಳಗಿನ ಮರದ ಹಲಗೆ, ಶಾಖ ತಡೆಯುವ ಹೊದಿಕೆ, ಗ್ಯಾಸ್ ಸಿಲಿಂಡರ್ ಹೊರತೆಗೆದು ಬ್ಯಾಟರಿ ತಂತಿ ಕಳಚಿ. ಕ್ಯಾಂಪರ್‌ನಲ್ಲಿ ತಗಡಿಗೆ ಅಂಟಿಕೊಂಡೇ ಉರಿಯುವ ವಸ್ತು ಇರುತ್ತದೆ.

ಬಣ್ಣದ ಬಳಿಕ ಒಳಗಿನ ಟೊಳ್ಳುಗಳಿಗೆ ತುಕ್ಕು ತಡೆಯುವ ಮೇಣ ಸಿಂಪಡಿಸಿ. ನೀರು ಎಲ್ಲಿಂದ ಬರುತ್ತಿದೆ ಎಂಬುದನ್ನೂ ಹುಡುಕಿ: ಕಿಟಕಿಯ ರಬ್ಬರ್, ಛಾವಣಿಯ ಗಾಳಿಕಿಂಡಿ, ಬಾಗಿಲ ಅಡಿಯಲ್ಲಿ ಕೆಸರು ಕಟ್ಟಿಕೊಂಡ ನೀರಿಳಿಯುವ ತೂತು.